ನಿಮ್ಮ ಮೆಂಬರ್ ಯಾರು?

ಕಳೆದ ವರ್ಷ, 2025ರ ಜನವರಿ ಕೊನೆಯಲ್ಲಿ, ಊರಿನಿಂದ ಅವ್ವ ಫೋನ್ ಮಾಡಿದ್ದಳು. ಪುಣೆಯ ಸಿಂಹಗಡ ರಸ್ತೆಯ ಭಾಗದಲ್ಲಿ ಗಿಲ್ಲೆನ್-ಬಾರ್ ಸಿಂಡ್ರೋಮ್, ಅಂದರೆ ಜಿಬಿಎಸ್ ಎಂಬ ನರರೋಗ ಹಬ್ಬಿದ ಸುದ್ದಿ ಆಗ ಎಲ್ಲ ಟಿವಿಗಳಲ್ಲೂ ಬರುತ್ತಿತ್ತು.

‘ನೀರು ಕುದಿಸಿ ಕುಡೀರಿ ಅಂತ ಟಿವ್ಯಾಗ ಹೇಳಾಕತ್ತಾರ. ಅದು ನೀ ಇರೋ ಕಡೆನೇ ಹೌದಲ್ಲ?’

‘ಹೌದವ್ವಾ, ಅದ ರಸ್ತೆ.’

‘ನಿಮ್ಮ ಮೆಂಬರ್‌ಗ ಹೇಳೀರೇನು?’

‘ನಮಗ ಮೆಂಬರ್ ಇಲ್ಲವ್ವಾ.’

‘ಇಲ್ಲಂದ್ರ? ಅಷ್ಟು ದೊಡ್ಡ ಊರಾಗ ಹೇಳಾಕ ಒಬ್ಬ ಮೆಂಬರ್ ಇಲ್ಲೇನೋ?’

ಗದಗ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನಲ್ಲಿಯಲ್ಲಿ ನೀರು ಬರದಿದ್ದರೆ ಅವ್ವ ಬೆಳಿಗ್ಗೆ ಆರಕ್ಕೇ ಪಂಚಾಯ್ತಿ ಮೆಂಬರ್ ಮನೆಯ ಮುಂದೆ ನಿಲ್ಲುತ್ತಾಳೆ. ನೀರು ಅಂದೇ ಬರುತ್ತದೆ ಎಂದೇನಿಲ್ಲ. ಆದರೆ ಬೈಯಲು ಒಂದು ಮುಖ ಇದೆ. ನಾನು ಎಂ.ಟೆಕ್ ಓದಿ, ಹತ್ತು ವರ್ಷ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ, ಅಪಾರ್ಟ್‌ಮೆಂಟ್ ಕೊಂಡವನು. ನನಗೆ ಆ ಮುಖ ಇರಲಿಲ್ಲ. ಅದಕ್ಕಿಂತ ನಾಚಿಕೆಯ ಮಾತೆಂದರೆ, ಅದು ಇಲ್ಲವೆಂಬುದು ಅವ್ವ ಕೇಳುವವರೆಗೆ ನನಗೆ ಒಂದು ಕೊರತೆಯಾಗಿ ಕಂಡೇ ಇರಲಿಲ್ಲ.

ಜನರಿಗೆ ರಾಜಕೀಯ ಬೇಸರವಾಗಿದೆ ಎಂಬ ಮಾತು ಈಗ ಜಗತ್ತಿನ ಎಲ್ಲ ಕಡೆ ಕೇಳುತ್ತದೆ. ಬ್ರಿಟನ್ನಿನಲ್ಲಿ 2001ರ ಚುನಾವಣೆಯಲ್ಲಿ ಮತದಾನ ಶೇ 59ಕ್ಕೆ ಇಳಿದಾಗ ಅಲ್ಲಿನವರು ಗಾಬರಿಯಾಗಿದ್ದರು. 2024ರಲ್ಲಿ ಅದು ಮತ್ತೆ ಶೇ 60ರ ಆಸುಪಾಸಿಗೆ ಬಂದು ನಿಂತಿತು. ಪಶ್ಚಿಮ ಯುರೋಪಿನ ಪಕ್ಷಗಳು ದಶಕಗಳಿಂದ ಸದಸ್ಯರನ್ನು ಕಳೆದುಕೊಳ್ಳುತ್ತಾ ಬಂದಿವೆ. ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾಯಿತು. ಬೆಂಗಳೂರು ದಕ್ಷಿಣದಲ್ಲಿ ಆದದ್ದು ಶೇ 53. ಪುಣೆಯಲ್ಲೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಇಲ್ಲಿ ಬೇಸರ ಬಂದಿರುವುದು ಹೆಚ್ಚಾಗಿ ನಗರಕ್ಕೆ, ಓದಿದವರಿಗೆ, ನಮ್ಮಂಥವರಿಗೆ.

ಇದಕ್ಕೆ ಆಫೀಸಿನ ಕ್ಯಾಂಟೀನಿನಲ್ಲಿ ಸಿಗುವ ವಿವರಣೆ ಒಂದೇ: ‘ಎಲ್ಲರೂ ಕಳ್ಳರು, ಯಾರು ಬಂದರೂ ಅಷ್ಟೇ.’ ಹಾಗೆನ್ನುವವರೇ ಮರುಕ್ಷಣ ಅಮೆರಿಕದ ಅಧ್ಯಕ್ಷರ ಬಗ್ಗೆ, ದೆಹಲಿಯ ಬಗ್ಗೆ, ಬೆಂಗಳೂರಿನ ಕುರ್ಚಿ ಕಿತ್ತಾಟದ ಬಗ್ಗೆ ಅರ್ಧ ಗಂಟೆ ವಾದ ಮಾಡುತ್ತಾರೆ. ಆಸಕ್ತಿ ಸತ್ತಿದ್ದರೆ ಇಷ್ಟು ಮಾತು ಬರುತ್ತಿರಲಿಲ್ಲ. ನನಗೆ ಅನಿಸುವುದು ಇಷ್ಟು: ನಮ್ಮಲ್ಲಿ ಬತ್ತಿರುವುದು ಆಸಕ್ತಿಯಲ್ಲ, ಅದು ಕಾಲೂರಿ ನಿಲ್ಲುವ ಜಾಗ. ದೂರದ ರಾಜಕೀಯವನ್ನು ಕ್ರಿಕೆಟ್ ಮ್ಯಾಚಿನಂತೆ ನೋಡುತ್ತೇವೆ. ಹತ್ತಿರದ ರಾಜಕೀಯ ನಮ್ಮ ಬದುಕಿನಿಂದ ಹೋಗಿಯೇ ಬಿಟ್ಟಿದೆ. ಅದರಲ್ಲಿ ಸರ್ಕಾರಗಳ ಕೈವಾಡವೂ ಇದೆ, ನಮ್ಮ ಪಾಲೂ ಇದೆ.

ಮೊದಲು ಸರ್ಕಾರಗಳ ಪಾಲು. 2021ರ ಜೂನ್ ಕೊನೆಯಲ್ಲಿ ಪುಣೆ ಮಹಾನಗರಪಾಲಿಕೆಗೆ ಸುತ್ತಲಿನ 23 ಹಳ್ಳಿಗಳನ್ನು ಸೇರಿಸಲಾಯಿತು. ನಾಂದೇಡ್ (ಬೀದರ್ ಪಕ್ಕದ ಜಿಲ್ಲೆಯಲ್ಲ, ಪುಣೆಯ ಹೊರವಲಯದ ಹಳ್ಳಿ), ಕಿರ್ಕಟವಾಡಿ, ಖಡಕವಾಸಲಾ ಇವೆಲ್ಲ ಅದರಲ್ಲಿ ಸೇರಿದ್ದವು. ಸೇರಿದ ಕೂಡಲೇ ಅಲ್ಲಿನ ಗ್ರಾಮ ಪಂಚಾಯ್ತಿಗಳು ರದ್ದಾದವು. ಪಂಚಾಯ್ತಿ ಮೆಂಬರ್ ಹೋದ, ಅವನ ಜಾಗಕ್ಕೆ ಪಾಲಿಕೆಯ ನಗರಸೇವಕ ಬರಬೇಕಿತ್ತು. ಬರುವ ಮೊದಲೇ 2022ರ ಮಾರ್ಚ್ 14ಕ್ಕೆ ಪಾಲಿಕೆಯ ಅವಧಿಯೇ ಮುಗಿದು, ಆಯುಕ್ತರೇ ಆಡಳಿತಾಧಿಕಾರಿಯಾದರು.

ಮುಂದಿನ ಚುನಾವಣೆ ನಡೆದದ್ದು 2026ರ ಜನವರಿ 15ಕ್ಕೆ. ಇಡೀ ಪುಣೆಗೆ ಮೂರು ವರ್ಷ ಹತ್ತು ತಿಂಗಳು ನಗರಸೇವಕರಿರಲಿಲ್ಲ. ಈ 23 ಹಳ್ಳಿಗಳಿಗೆ ನಾಲ್ಕೂವರೆ ವರ್ಷ ಪಂಚಾಯ್ತಿ ಮಟ್ಟದಲ್ಲಾಗಲಿ, ಪಾಲಿಕೆ ಮಟ್ಟದಲ್ಲಾಗಲಿ ಆರಿಸಿ ಬಂದ ಒಬ್ಬನೇ ಒಬ್ಬ ಸದಸ್ಯನಿರಲಿಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು ಎಂಬುದು ನಿಜ. ಆದರೆ ಅದರ ಜೊತೆಗೆ ವಾರ್ಡಿಗೆ ಮೂವರೋ ನಾಲ್ವರೋ ಎಂದು ಸರ್ಕಾರ ಬದಲಾದಂತೆ ಲೆಕ್ಕವೂ ಬದಲಾಯಿತು. ಕೊನೆಗೆ 2025ರ ಮೇ 6ರಂದು ಸುಪ್ರೀಂ ಕೋರ್ಟೇ ಗಡುವು ಹಾಕಿ ಚುನಾವಣೆ ನಡೆಸಿ ಎಂದು ಹೇಳಬೇಕಾಯಿತು.

ಆ ನಡುವೆ ಬಂದದ್ದು ಜಿಬಿಎಸ್. ಇನ್ನೂರಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾದವು. ಕೆಲವರು ಪ್ರಾಣ ಕಳೆದುಕೊಂಡರು. ಪ್ರಕರಣಗಳಲ್ಲಿ ದೊಡ್ಡ ಪಾಲು ಇದೇ ಸಿಂಹಗಡ ರಸ್ತೆಯ ಹೊಸದಾಗಿ ಸೇರಿದ ಭಾಗಗಳದ್ದು. ಕಲುಷಿತ ನೀರಿನ ಮೇಲೆ ಅನುಮಾನ ಬಂತು, ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಆಗ ಹೊರಬಿದ್ದ ಸಂಗತಿಯೆಂದರೆ, ಇಲ್ಲಿನ ಹಳ್ಳಿಗಳಿಗೆ ನಾಂದೇಡ್‌ನ ಒಂದು ಬಾವಿಯಿಂದ, ಶುದ್ಧೀಕರಣ ಘಟಕವಿಲ್ಲದೆ, ಬರೀ ಕ್ಲೋರಿನ್ ಹಾಕಿ ನೀರು ಬಿಡಲಾಗುತ್ತಿತ್ತು. ಪುಣೆಗೆ ನೀರು ಕೊಡುವ ಖಡಕವಾಸಲಾ ಅಣೆಕಟ್ಟು ಇಲ್ಲಿಂದ ಕೂಗಳತೆಯಲ್ಲಿದೆ. ನಗರದ ಒಳಗಿನವರಿಗೆ ಅದೇ ನೀರು ಶುದ್ಧವಾಗಿ ಹೋಗುತ್ತದೆ.

ಒಬ್ಬ ನಗರಸೇವಕ ಇದ್ದಿದ್ದರೆ ರೋಗ ಬರುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಸದಸ್ಯರಿದ್ದ ಕಾಲದಲ್ಲೂ ಪುಣೆಯ ರಸ್ತೆಗಳಲ್ಲಿ ಗುಂಡಿಗಳಿದ್ದವು, ಟೆಂಡರ್ ಗಲಾಟೆಗಳಿದ್ದವು. ‘ಆಡಳಿತಾಧಿಕಾರಿ ಇದ್ದರೆ ಕೆಲಸ ಬೇಗ ಆಗುತ್ತದೆ, ನಡುವೆ ತಿನ್ನುವವರು ಕಡಿಮೆ’ ಎನ್ನುವ ಸ್ನೇಹಿತರೂ ನನಗಿದ್ದಾರೆ. ಆದರೆ ಆಡಳಿತಾಧಿಕಾರಿ ಉತ್ತರ ಕೊಡಬೇಕಾದದ್ದು ಮೇಲಿನವರಿಗೆ. ವರ್ಗಾವಣೆಯಾದರೆ ಅವರ ಲೆಕ್ಕ ಮುಗಿಯಿತು. ರೋಗ ಬಂದ ಮೇಲೆ ಅಧಿಕಾರಿಗಳು ಬಂದರು, ಮಾದರಿ ತೆಗೆದರು, ಸಭೆ ನಡೆಸಿದರು. ಬರುವ ಮೊದಲು, ‘ಈ ಬಾವಿ ನೀರು ವಾಸನೆ ಬರುತ್ತಿದೆ’ ಎಂದು ಒಬ್ಬ ಹೆಂಗಸು ಯಾರ ಮನೆಯ ಮುಂದೆ ನಿಲ್ಲಬೇಕಿತ್ತು? ಅಂಥ ಮನೆಯೇ ಇರಲಿಲ್ಲ. ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿಯ ಬಜೆಟ್ ಮಾಡುವ ಪಾಲಿಕೆಯಲ್ಲಿ ಆ ಹೆಂಗಸಿನ ಪರವಾಗಿ ಎದ್ದು ನಿಂತು ಕೇಳಲು ಯಾರೂ ಇರಲಿಲ್ಲ.

ಪಾಲಿಕೆಯದ್ದಷ್ಟೇ ಅಲ್ಲ. 2023ರ ಮಾರ್ಚ್ 29ರಂದು ಪುಣೆಯ ಸಂಸದ ಗಿರೀಶ್ ಬಾಪಟ್ ತೀರಿಕೊಂಡರು. ಕಾನೂನಿನ ಪ್ರಕಾರ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಸಾರ್ವತ್ರಿಕ ಚುನಾವಣೆಯ ತಯಾರಿ ನಡೆದಿದೆ, ಗೆದ್ದವರಿಗೆ ಸಿಗುವ ಅವಧಿ ಕಡಿಮೆ ಎಂಬ ಕಾರಣಗಳನ್ನು ಕೊಟ್ಟು ಚುನಾವಣಾ ಆಯೋಗ ನಡೆಸಲಿಲ್ಲ. ಪುಣೆಯ ನಿವಾಸಿಯೊಬ್ಬರು ಬಾಂಬೆ ಹೈಕೋರ್ಟಿಗೆ ಹೋದರು. 2023ರ ಡಿಸೆಂಬರಿನಲ್ಲಿ ಹೈಕೋರ್ಟ್ ಕೂಡಲೇ ಚುನಾವಣೆ ನಡೆಸಿ ಎಂದಿತು. ಮರುತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2024ರ ಜೂನ್‌ವರೆಗೆ, ಹದಿನಾಲ್ಕು ತಿಂಗಳು, ಪುಣೆ ಲೋಕಸಭಾ ಕ್ಷೇತ್ರಕ್ಕೆ ಸಂಸದರಿರಲಿಲ್ಲ. ನಾನಿರುವ ಭಾಗ ಬಾರಾಮತಿ ಕ್ಷೇತ್ರಕ್ಕೆ ಸೇರುತ್ತದೆ, ನನ್ನ ಸಹೋದ್ಯೋಗಿಗಳಲ್ಲಿ ಬಹಳ ಜನ ಪುಣೆ ಕ್ಷೇತ್ರದವರು. ಅವರಲ್ಲಿ ಅರ್ಧದಷ್ಟು ಜನಕ್ಕೆ ತಮಗೆ ಸಂಸದರಿಲ್ಲ ಎಂಬುದೇ ಗೊತ್ತಿರಲಿಲ್ಲ.

ಇದು ಮಹಾರಾಷ್ಟ್ರದ ಕಥೆ ಎಂದು ನಾವು ಕನ್ನಡಿಗರು ನಿಟ್ಟುಸಿರು ಬಿಡುವಂತಿಲ್ಲ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಒಂದು ಇಡೀ ಅವಧಿ, ಐದು ವರ್ಷ, ಚುನಾವಣೆಯಿಲ್ಲದೆ ಕಳೆದು, 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ಸರ್ಕಾರಗಳು ಬದಲಾದವು, ಚುನಾವಣೆ ಮಾತ್ರ ಬರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243ಇ ಮತ್ತು 243ಯು ವಿಧಿಗಳು ಸ್ಪಷ್ಟವಾಗಿ ಹೇಳುತ್ತವೆ.

ನೋವಿನ ಸಂಗತಿಯೆಂದರೆ ಈ ದಾರಿಯನ್ನು ದೇಶಕ್ಕೆ ತೋರಿಸಿದ ರಾಜ್ಯಗಳಲ್ಲಿ ನಮ್ಮದೂ ಒಂದು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರಲ್ಲೇ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯ್ತಿಗಳ ಕಾಯ್ದೆ ತಂದರು. ಅದರಡಿ 1987ರಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25 ಮೀಸಲಾತಿ ಇತ್ತು. ದೇಶದ ಮಟ್ಟದ 73 ಮತ್ತು 74ನೇ ತಿದ್ದುಪಡಿಗಳು ಜಾರಿಯಾದದ್ದು ಆಮೇಲೆ, 1993ರಲ್ಲಿ. ಅದೇ ನಜೀರ್ ಸಾಬರನ್ನು ಹಳ್ಳಿಯ ಜನ ನೆನೆಯುವುದು ಕಾಯ್ದೆಗಾಗಿ ಅಲ್ಲ, ಊರೂರಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ. ‘ನೀರ್ ಸಾಬ್’ ಎಂದೇ ಅವರಿಗೆ ಹೆಸರು. ಕುಡಿಯುವ ನೀರು ಮತ್ತು ಕೈಗೆ ಸಿಗುವ ಪ್ರತಿನಿಧಿ, ಇವೆರಡೂ ಜೊತೆಯಲ್ಲೇ ಬರುತ್ತವೆ ಎಂಬುದು ಅವರಿಗೆ ಗೊತ್ತಿತ್ತು ಎನಿಸುತ್ತದೆ.

ಇನ್ನು ನಮ್ಮ ಪಾಲು. ಚುನಾವಣೆ ನಡೆಸದೆ ಸರ್ಕಾರಗಳು ಇಷ್ಟು ವರ್ಷ ಹೇಗೆ ದಕ್ಕಿಸಿಕೊಂಡವು? ಕೇಳುವ ಶಕ್ತಿ ಇದ್ದವರು ಕೇಳಲಿಲ್ಲ. ನಮಗೆ ಅದರ ಅಗತ್ಯ ಬೀಳಲಿಲ್ಲ. ಪಾಲಿಕೆಯ ನೀರು ಸಾಲದಿದ್ದರೆ ನಮ್ಮ ಸೊಸೈಟಿಗೆ ಟ್ಯಾಂಕರ್ ಬರುತ್ತದೆ, ಮೇಂಟೆನೆನ್ಸ್ ಹಣದಲ್ಲಿ ಸೇರಿಸಿ ಕೊಡುತ್ತೇವೆ. ಕುಡಿಯಲು ಮನೆಯಲ್ಲಿ ಫಿಲ್ಟರ್. ಕರೆಂಟ್ ಹೋದರೆ ಜನರೇಟರ್. ಕಸಕ್ಕೆ, ಕಾವಲಿಗೆ, ಮಕ್ಕಳು ಆಡುವ ಜಾಗಕ್ಕೆ ಬೇರೆ ಬೇರೆ ವ್ಯವಸ್ಥೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಪುಸ್ತಕವೊಂದರಲ್ಲಿ, ವ್ಯವಸ್ಥೆ ಕೆಟ್ಟಾಗ ಜನರಿಗೆ ಎರಡು ದಾರಿ ಇರುತ್ತವೆ ಎನ್ನುತ್ತಾನೆ: ದನಿ ಎತ್ತುವುದು ಇಲ್ಲವೇ ಹೊರಟು ಹೋಗುವುದು. ಹೊರಡುವುದು ಸುಲಭವಾದಷ್ಟೂ ದನಿ ಕಡಿಮೆಯಾಗುತ್ತದೆ. ನಾವು ಊರು ಬಿಡದೆಯೇ ಊರಿನಿಂದ ಹೊರಟು ಹೋಗಿದ್ದೇವೆ.

ಹೊರನಾಡ ಕನ್ನಡಿಗರಿಗೆ ಇದರ ಮೇಲೆ ಇನ್ನೊಂದಿದೆ. ನನ್ನ ಹೆಸರು ಇತ್ತೀಚಿನವರೆಗೆ ಊರಿನ ಮತದಾರರ ಪಟ್ಟಿಯಲ್ಲೇ ಇತ್ತು. ಅಪ್ಪನ ಹೆಸರಿನ ಕೆಳಗೆ, ಅವ್ವನ ಹೆಸರಿನ ಪಕ್ಕ. ತೆಗೆಸಲು ಮನಸ್ಸು ಬರಲಿಲ್ಲ. ಊರಿನ ಕೊನೆಯ ಎಳೆ ಅದೊಂದೇ ಎಂಬ ಭಾವನೆ. ಆದರೆ ಆ ಎಳೆ ಹಿಡಿದು ನಾನು ಎಷ್ಟು ಸಲ ಊರಿಗೆ ಹೋದೆ? 2023ರ ವಿಧಾನಸಭಾ ಚುನಾವಣೆ ಮೇ 10, ಬುಧವಾರ. ರಿಲೀಸ್ ಇತ್ತು, ಹೋಗಲಿಲ್ಲ. 2024ರ ಮೇ 7, ಮಂಗಳವಾರ. ಸ್ಲೀಪರ್ ಬಸ್ಸಿನ ಟಿಕೆಟ್ ನೋಡಿದೆ, ಬುಕ್ ಮಾಡಲಿಲ್ಲ. ಆ ದಿನ ಬಾರಾಮತಿಯಲ್ಲೂ ಮತದಾನ. ರಜೆಯ ದಿನ ನಾನು ಮನೆಯಲ್ಲಿ ಕೂತು ಎರಡೂ ಕಡೆಯ ಮತದಾನದ ಪ್ರಮಾಣವನ್ನು ಟಿವಿಯಲ್ಲಿ ನೋಡಿದೆ.

ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ನಾನು ಊರಿನ ಪಟ್ಟಿಯಲ್ಲಿ ಛೇದದಲ್ಲಿ ಇದ್ದೆ, ಅಂಶದಲ್ಲಿ ಇರಲಿಲ್ಲ. ಪುಣೆಯಲ್ಲಿ ಎರಡರಲ್ಲೂ ಇರಲಿಲ್ಲ. ನಗರಗಳ ಶೇ 53ರ ಹಿಂದೆ ಸೋಮಾರಿತನ ಇರಬಹುದು, ಆದರೆ ಇಂಥ ಹೆಸರುಗಳೂ ಇವೆ. ಮನೆ ಬದಲಿಸಿ ಹೋದವರದು, ಎಲ್ಲೋ ಇದ್ದು ಎಲ್ಲೋ ನೋಂದಾಯಿಸಿಕೊಂಡವರದು.

ಇದಕ್ಕೆ ತಾಂತ್ರಿಕ ಪರಿಹಾರ ಬರುತ್ತದೆ ಎಂದು ನಮ್ಮಂಥವರು ಕಾದದ್ದೂ ಉಂಟು. ವಲಸಿಗರು ಇದ್ದಲ್ಲಿಂದಲೇ ಊರಿನ ಕ್ಷೇತ್ರಕ್ಕೆ ಮತ ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿ, ಮರುತಿಂಗಳು ಪಕ್ಷಗಳನ್ನು ಕರೆಯಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳನ್ನು ನಿಭಾಯಿಸಬಲ್ಲ ಯಂತ್ರ. ಆದರೆ ವಲಸಿಗ ಎಂದರೆ ಯಾರು, ಬೇರೆ ರಾಜ್ಯದಲ್ಲಿ ನೀತಿಸಂಹಿತೆ ಹೇಗೆ, ಏಜೆಂಟರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗಳೆದ್ದು ವಿರೋಧ ಪಕ್ಷಗಳು ಒಪ್ಪಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು. ನಿಂತದ್ದಕ್ಕೆ ನನಗೆ ಈಗ ಅಷ್ಟು ಬೇಸರವಿಲ್ಲ. ಆ ಯಂತ್ರ ಬಂದಿದ್ದರೆ ನಾನು ಪುಣೆಯಲ್ಲಿ ಕೂತು ಗದಗಿಗೆ ಮತ ಹಾಕುತ್ತಿದ್ದೆ, ನಾಂದೇಡ್ ಬಾವಿಯ ನೀರು ಕುಡಿಯುತ್ತಿದ್ದೆ.

ಕಾನೂನು ಈ ವಿಷಯದಲ್ಲಿ ಭಾವನೆ ಇಟ್ಟುಕೊಂಡಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಮತದಾರನಾಗಬೇಕಾದದ್ದು ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ. ಒಂದು ಊರಿನಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿನ ನಿವಾಸಿಯಾಗುವುದಿಲ್ಲ ಎಂದು ಅದರ 20ನೇ ಸೆಕ್ಷನ್ ಹೇಳುತ್ತದೆ. ಎರಡು ಕಡೆ ಹೆಸರು ಇರುವಂತಿಲ್ಲ. ಹಬ್ಬಕ್ಕೆ ಹೋಗಿ ಬರುವ ಊರಿನಲ್ಲಿ ಹತ್ತು ವರ್ಷ ಹೆಸರು ಇಟ್ಟುಕೊಂಡ ನಾನು, ಅಲ್ಲಿ ವಾಸಿಸುವವರ ಪ್ರತಿನಿಧಿಯನ್ನು ಆರಿಸುವ ಹಕ್ಕು ಹಿಡಿದುಕೊಂಡಿದ್ದೆ.

ಕೊನೆಗೆ 2025ರ ಅಕ್ಟೋಬರಿನಲ್ಲಿ ವಿಳಾಸ ಬದಲಾವಣೆಯ ಫಾರ್ಮ್ 8 ತುಂಬಿದೆ. ಆನ್‌ಲೈನಿನಲ್ಲಿ ಹದಿನೈದು ನಿಮಿಷದ ಕೆಲಸ. ಮನೆಗೆ ಪರಿಶೀಲನೆಗೆ ಬಂದ ಬಿಎಲ್‌ಒ ಮೇಡಂ ಕಾಗದ ನೋಡಿ, ‘ಇತ್ಕೀ ವರ್ಷ ಕುಠೇ ಹೋತಾ?’ ಎಂದರು. ಇಷ್ಟು ವರ್ಷ ಎಲ್ಲಿದ್ದಿರಿ ಎಂದು. ಇಲ್ಲೇ ಇದ್ದೆ ಎಂದು ಹೇಳಲು ಮುಜುಗರವಾಯಿತು.

ಜನವರಿ 15ಕ್ಕೆ ಪಾಲಿಕೆ ಚುನಾವಣೆ ಬಂತು. ನನಗೆ ಮತವಿರಲಿಲ್ಲ. ರಾಜ್ಯ ಚುನಾವಣಾ ಆಯೋಗ ತೆಗೆದುಕೊಂಡದ್ದು ಜುಲೈ 1ರ ಪಟ್ಟಿಯನ್ನು. ನಾನು ಮೂರು ತಿಂಗಳು ತಡ. ನಮ್ಮ ಸೊಸೈಟಿಯ ಕಾವಲಿಗಿರುವ ಕಾಕಾ ಇಂಡಿ ಕಡೆಯವರು, ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಿದ್ದರು. ಅವರು ಇಲ್ಲಿಗೆ ಬಂದದ್ದು ನನಗಿಂತ ಆಮೇಲೆ. ಹೆಸರು ಯಾವಾಗ ಸೇರಿಸಿದಿರಿ ಎಂದು ಕೇಳಿದೆ. ‘ಬಂದ ಮ್ಯಾಲ ಮೊದಲ ಅದ ಮಾಡಿಸೇನ್ರಿ ಸರ್. ನಿಮಗ ಟ್ಯಾಂಕರ್ ಬರ್ತೈತಿ. ನಮ್ಮ ಗಲ್ಲಿಗೆ ನಳಾ ಬರಬೇಕಲ್ರಿ’ ಎಂದರು. ಅದರಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ, ಇದ್ದ ಸಂಗತಿ ಹೇಳಿದ್ದರು.

ಪರ ರಾಜ್ಯದಲ್ಲಿ ಹೆಸರು ಬರೆಸಿದರೆ ಕನ್ನಡತನ ಕಡಿಮೆಯಾಗುತ್ತದೆಯೇ ಎಂಬ ಅಳುಕು ನಮ್ಮ ಕೂಟಗಳಲ್ಲಿ ಆಗಾಗ ಕೇಳುತ್ತದೆ. ನನಗೆ ಅದು ತಿರುವುಮುರುವು ಅನಿಸುತ್ತದೆ. ಪಟ್ಟಿಯಲ್ಲಿ ಇಲ್ಲದ ಕನ್ನಡಿಗ ಇಲ್ಲಿನ ಯಾವ ಪಕ್ಷಕ್ಕೂ ಲೆಕ್ಕಕ್ಕಿಲ್ಲ. ಕನ್ನಡ ಶಾಲೆಯ ವಿಷಯವಿರಲಿ, ಬಸ್ ನಿಲ್ದಾಣದ ವಿಷಯವಿರಲಿ, ಮತವಿದ್ದವನ ಮಾತಿಗೆ ಒಂದು ತೂಕವಿರುತ್ತದೆ.

ಮಾಡಬೇಕಾದ್ದು ಇದಕ್ಕಿಂತ ದೊಡ್ಡದೂ ಇದೆ. ವಾರ್ಡ್ ವಿಂಗಡಣೆ ಮತ್ತು ಮೀಸಲಾತಿ ಪಟ್ಟಿ ಎರಡನ್ನೂ ಆಳುವ ಪಕ್ಷದ ಕೈಯಿಂದ ತೆಗೆದು ರಾಜ್ಯ ಚುನಾವಣಾ ಆಯೋಗಕ್ಕೆ ಕೊಟ್ಟು, ದಿನಾಂಕವನ್ನು ಕಾನೂನಿನಲ್ಲೇ ಬರೆದುಬಿಟ್ಟರೆ ಸ್ಥಳೀಯ ಚುನಾವಣೆ ಮುಂದೂಡುವ ಆಟಕ್ಕೆ ಕಡಿವಾಣ ಬೀಳುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಒಂದು ದೇಶದ ಪ್ರಜೆ ಇನ್ನೊಂದು ದೇಶದಲ್ಲಿ ನೆಲೆಸಿದ್ದರೆ ತನ್ನ ದೇಶದ ಪ್ರಜೆಯಾಗಿಯೇ ಉಳಿದು ಅಲ್ಲಿನ ನಗರಸಭೆಗೆ ಮತ ಹಾಕಬಹುದು. ನಮ್ಮಲ್ಲೂ ಸ್ಥಳೀಯ ಸಂಸ್ಥೆಗಳಿಗೆ ಪ್ರತ್ಯೇಕ ಪಟ್ಟಿ ಇದ್ದರೆ ಊರಿನ ಎಳೆ ಬಿಡದೆ ಇದ್ದಲ್ಲಿ ಪ್ರತಿನಿಧಿಯನ್ನು ಆರಿಸಬಹುದು. ಇವೆಲ್ಲ ಆಗಬೇಕಾದರೆ ಕೇಳುವವರು ಬೇಕು. ಟ್ಯಾಂಕರ್ ತರಿಸಿಕೊಂಡು ಸುಮ್ಮನಿರುವವರು ಕೇಳುವುದಿಲ್ಲ.

ಈಗ ನಮ್ಮ ವಾರ್ಡಿಗೆ ನಾಲ್ವರು ಮೆಂಬರುಗಳಿದ್ದಾರೆ. ಅವ್ವನಿಗೆ ಹೇಳಿದಾಗ ‘ನಾಲ್ಕು ಮಂದಿ ಯಾಕ?’ ಎಂದಳು, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೊನ್ನೆ ಒಬ್ಬರ ಕಚೇರಿಗೆ ಹೋಗಿ, ನೀರು ಶುದ್ಧೀಕರಣ ಘಟಕದ ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸಿದೆ. ಅಲ್ಲಿದ್ದ ಕಾರ್ಯಕರ್ತ ಉತ್ತರ ಕೊಡುವ ಮೊದಲು ನನ್ನನ್ನೇ ಒಂದು ಪ್ರಶ್ನೆ ಕೇಳಿದ: ‘ನಿಮ್ಮ ಹೆಸರು ಇಲ್ಲಿನ ಯಾದಿಯಲ್ಲಿ ಇದೆಯಾ?’ ಇದೆ ಎಂದೆ. ಕುರ್ಚಿ ತೋರಿಸಿ ಕೂರಿಸಿದ. ನಿಖರ ಉತ್ತರ ಇನ್ನೂ ಸಿಕ್ಕಿಲ್ಲ, ಮುಂದಿನ ವಾರ ಬರಲು ಹೇಳಿದ್ದಾರೆ. ಹೋಗುತ್ತೇನೆ.

ಮುಂದಿನ ಪಾಲಿಕೆ ಚುನಾವಣೆ ಸರಿಯಾದ ಸಮಯಕ್ಕೆ ನಡೆದರೆ 2031ಕ್ಕೆ. ಓದುಗರಲ್ಲಿ ನನ್ನ ಹಾಗೆ ಊರಿನ ಪಟ್ಟಿಯಲ್ಲಿ ಹೆಸರಿಟ್ಟು ಮತ್ತೊಂದು ಊರಿನ ನೀರು ಕುಡಿಯುವವರು ಬಹಳ ಜನ ಇದ್ದೀರಿ. ಚುನಾವಣೆ ಘೋಷಣೆಯಾದ ಮೇಲೆ ಹೊರಟರೆ ತಡವಾಗುತ್ತದೆ, ಪಟ್ಟಿ ಅದಕ್ಕೂ ತಿಂಗಳುಗಳ ಮೊದಲೇ ಮುಚ್ಚಿರುತ್ತದೆ. ಈ ಭಾನುವಾರ ಹದಿನೈದು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಹೆಸರು ಎಲ್ಲಿದೆ ನೋಡಿ. ನಿಮ್ಮ ಮೆಂಬರ್ ಯಾರು ಎಂಬುದನ್ನೂ ತಿಳಿದುಕೊಳ್ಳಿ.